ನಮ್ಮ ನೆಲದ ಆದಿಜನರು ಇತಿಹಾಸ ಪಾಠದಲ್ಲಿ ಏಕಿಲ್ಲ? ಹುಣಸಗಿ, ಬೂದಿಹಾಳ, ವಿಭೂತಿಹಳ್ಳಿಗಳ ನಿದರ್ಶನ



ನಮ್ಮ ಯಾದಗಿರಿ, ಶಹಾಪುರ, ಸುರಪುರ ಭಾಗದ ಪ್ರೌಢಶಾಲೆಯ ವಿದ್ಯಾರ್ಥಿಯನ್ನು ‘ಭಾರತದ ಅತಿ ಪ್ರಾಚೀನ ಜನವಸತಿ ಯಾವುದು?’ ಎಂದು ಕೇಳಿದರೆ ಹರಪ್ಪ, ಮೊಹೆಂಜೊದಾರೊ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಆ ಉತ್ತರ ಕೊಟ್ಟ ಮಗುವಿನ ಊರು ಹುಣಸಗಿಯೋ ಬೈಚಬಾಳವೋ ಆಗಿದ್ದರೆ, ಅದು ಪ್ರತಿದಿನ ಶಾಲೆಗೆ ನಡೆದುಬರುವ ದಾರಿಯ ಬದಿಯಲ್ಲಿಯೇ ಹರಪ್ಪಕ್ಕಿಂತ ಲಕ್ಷಾಂತರ ವರ್ಷ ಹಿಂದಿನ ಮಾನವನ ಕೈಕೆಲಸ ಬಿದ್ದಿರಬಹುದು. ಆ ಸಂಗತಿ ಮಗುವಿಗೆ ತಿಳಿಯದು. ಅನೇಕ ವೇಳೆ ಪಾಠ ಹೇಳುವ ಗುರುಗಳಿಗೂ ತಿಳಿಯದು. ಇದರಲ್ಲಿ ಮಗುವಿನ ತಪ್ಪಿಲ್ಲ, ಗುರುಗಳ ತಪ್ಪೂ ಇಲ್ಲ. ಯಾವುದನ್ನು ಇತಿಹಾಸವೆಂದು ಎಣಿಸಬೇಕು ಎಂಬ ನಮ್ಮ ಅಳತೆಗೋಲಿನಲ್ಲಿಯೇ ಇದರ ಕಾರಣ ಅಡಗಿದೆ. ಆ ಅಳತೆಗೋಲನ್ನು ಸ್ವಲ್ಪ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೃಷ್ಣೆ–ಭೀಮೆಯರ ನಡುವಿನ ನೆಲ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ನಮ್ಮ ಸೀಮೆಯನ್ನು ವಿದ್ವಾಂಸರು ‘ಶೋರಾಪುರ ದೋಆಬ್’ ಎಂದು ಕರೆದಿದ್ದಾರೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕ ಕೆ. ಪದ್ದಯ್ಯನವರು 1960ರ ದಶಕದಿಂದ ಹಲವು ದಶಕಗಳ ಕಾಲ ಈ ಸೀಮೆಯ ಹಳ್ಳಕೊಳ್ಳಗಳಲ್ಲಿ ಸಂಚರಿಸಿ ಸಂಶೋಧನೆ ನಡೆಸಿದರು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದಲ್ಲಿ ಪೂರ್ವ ಶಿಲಾಯುಗದ ಇನ್ನೂರರಷ್ಟು ನೆಲೆಗಳು ಗುರುತಾದವು. ಇಷ್ಟು ಕಿರಿದಾದ ಪ್ರದೇಶದಲ್ಲಿ ಇಷ್ಟೊಂದು ನೆಲೆಗಳು ದೊರೆತ ನಿದರ್ಶನಗಳು ಜಗತ್ತಿನಲ್ಲಿಯೇ ವಿರಳ. ಪದ್ದಯ್ಯನವರಿಗೆ 2012ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಈ ನೆಲೆಗಳಲ್ಲಿ ಇಸಾಂಪುರದ್ದು ವಿಶೇಷ ಸ್ಥಾನ. ನಮ್ಮ ಮನೆಗಳ ನೆಲಕ್ಕೆ ಇಂದಿಗೂ ಹಾಸುವ ಶಹಾಬಾದ್ ಪರ್ಸಿಯ ಜಾತಿಗೇ ಸೇರಿದ ಸುಣ್ಣಕಲ್ಲಿನ ಪದರುಗಳು ಅಲ್ಲಿ ನೆಲದ ಮೇಲೆಯೇ ತೆರೆದುಕೊಂಡಿದ್ದವು. ಆ ಕಾಲದ ಜನ ಅಲ್ಲಿ ಕುಳಿತು, ತಕ್ಕ ಚಪ್ಪಡಿಯನ್ನು ಆರಿಸಿ, ಬೇರೆ ಗಟ್ಟಿ ಕಲ್ಲಿನ ಗುಂಡುಗಳಿಂದ ಹೊಡೆದು, ಕೈಗೊಡಲಿಗಳನ್ನೂ ಅಗಲ ಅಂಚಿನ ಕಡಿಯುವ ಆಯುಧಗಳನ್ನೂ ತಯಾರಿಸಿದರು. ಅರೆಬರೆ ಮಾಡಿ ಬಿಟ್ಟ ಆಯುಧ, ಸಿಡಿದ ಚಕ್ಕೆ, ಹೊಡೆದ ಗುಂಡು ಇವೆಲ್ಲವೂ ಇದ್ದಲ್ಲಿಯೇ ಉಳಿದಿದ್ದುದರಿಂದ, ಕಲ್ಲನ್ನು ಆರಿಸಿದ್ದು ಹೇಗೆ, ಮೊದಲ ಪೆಟ್ಟು ಎಲ್ಲಿ ಬಿತ್ತು, ಅಂಚು ತೀಡಿದ್ದು ಹೇಗೆ ಎಂಬುದನ್ನು ಉತ್ಖನನಕಾರರು ಹಂತಹಂತವಾಗಿ ಓದಲು ಸಾಧ್ಯವಾಯಿತು. ಅಲ್ಲಿಯೇ ದೊರೆತ ಪ್ರಾಣಿಗಳ ಹಲ್ಲುಗಳನ್ನು ವೈಜ್ಞಾನಿಕ ಕಾಲಗಣನೆಗೆ ಒಳಪಡಿಸಿದಾಗ ಬಂದ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದು. ನಮ್ಮ ನಿಮ್ಮಂಥ ಆಧುನಿಕ ಮಾನವ ಜಾತಿ ಭೂಮಿಯ ಮೇಲೆ ಕಾಣಿಸಿಕೊಂಡು ಸುಮಾರು 3 ಲಕ್ಷ ವರ್ಷಗಳಾದವು. ಎಂದರೆ ಇಸಾಂಪುರದ ಕಲ್ಲುಕೆಲಸ ನಮ್ಮ ಜಾತಿಗಿಂತಲೂ ಹಿರಿದು.

ಆ ಜನ ಕೇವಲ ಅಲೆದಾಡುವ ಗುಂಪಾಗಿರಲಿಲ್ಲ ಎಂಬುದಕ್ಕೂ ಈ ಕಣಿವೆ ಸಾಕ್ಷಿ ನುಡಿಯುತ್ತದೆ. ಬೇಸಿಗೆಯಲ್ಲಿ ಬತ್ತದ ಬುಗ್ಗೆಗಳಿರುವ ಹಳ್ಳದ ದಂಡೆಯಲ್ಲಿ ಒಟ್ಟುಗೂಡುವುದು, ಮಳೆಗಾಲದಲ್ಲಿ ಎಲ್ಲೆಡೆ ನೀರೂ ಗೆಡ್ಡೆಗೆಣಸೂ ದೊರೆಯುವಾಗ ಚಿಕ್ಕಚಿಕ್ಕ ಗುಂಪುಗಳಾಗಿ ಕಣಿವೆಯ ತುಂಬ ಚದುರುವುದು ಅವರ ಬದುಕಿನ ಕ್ರಮವಾಗಿತ್ತೆಂದು, ನೆಲೆಗಳ ಹಂಚಿಕೆಯನ್ನು ಆಧರಿಸಿ ಪದ್ದಯ್ಯನವರು ವಿವರಿಸಿದ್ದಾರೆ. ಬರಗಾಲದ ಸೀಮೆಯಲ್ಲಿ ನೀರನ್ನರಿತು ಬಾಳುವ ವಿವೇಕ ಇಲ್ಲಿ ಅಷ್ಟು ಹಳೆಯದು.

ದನಗಾಹಿಗಳ ಬೂದಿದಿಬ್ಬ

ಅಲ್ಲಿಂದ ಬಹುದೂರ ಮುಂದಕ್ಕೆ, ಇಂದಿಗೆ ನಾಲ್ಕೂವರೆ ಸಾವಿರ ವರ್ಷಗಳ ಆಸುಪಾಸಿಗೆ ಬರೋಣ. ಕೊಡೇಕಲ್ಲನ್ನು ನಾವು ಕೊಡೇಕಲ್ಲ ಬಸವಣ್ಣನವರ ಕ್ಷೇತ್ರವೆಂದು ಬಲ್ಲೆವು. ಅದೇ ಊರಿನ ಬಳಿ, ಹಾಗೆಯೇ ಸುರಪುರ ಸೀಮೆಯ ಬೂದಿಹಾಳದಲ್ಲಿ, ನವಶಿಲಾಯುಗದ ಬೂದಿದಿಬ್ಬಗಳಿವೆ. ಕರ್ನಾಟಕ, ಆಂಧ್ರ, ತೆಲಂಗಾಣಗಳಲ್ಲಿ ಇಂಥ ನೂರಕ್ಕೂ ಹೆಚ್ಚು ದಿಬ್ಬಗಳು ಗುರುತಾಗಿವೆ.

ಈ ಬೂದಿ ಯಾವುದರದು ಎಂಬ ಪ್ರಶ್ನೆ ನೂರಾರು ವರ್ಷ ಜನರನ್ನು ಕಾಡಿತು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯ ಬೂದಿಯೆಂದು ಜನ ನಂಬಿದರು. ಕಾದು ಕರಗಿ ಗಾಜಿನಂತಾದ ಅದರ ತುಣುಕುಗಳನ್ನು ಕಂಡ ಕೆಲವು ಆಂಗ್ಲ ಅಧಿಕಾರಿಗಳು ಜ್ವಾಲಾಮುಖಿಯ ಶೇಷವೆಂದೋ ಕುಲುಮೆಯ ಕಿಟ್ಟವೆಂದೋ ಊಹಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು 19ನೆಯ ಶತಮಾನದಲ್ಲಿಯೇ ಇದು ದನದ ಸಗಣಿ ಸುಟ್ಟ ಬೂದಿ ಎಂದು ಸೂಚಿಸಿದ್ದರು. ಮುಂದೆ ಉಟ್ನೂರಿನಲ್ಲಿ ಉತ್ಖನನ ನಡೆಸಿದ ಎಫ್. ಆರ್. ಆಲ್ಚಿನ್ ಅವರ 1963ರ ಗ್ರಂಥ ಇದನ್ನು ದೃಢಪಡಿಸಿತು. ದನಗಳನ್ನು ಕೂಡುತ್ತಿದ್ದ ದೊಡ್ಡಿಗಳಲ್ಲಿ ಸಗಣಿ ರಾಶಿಬಿದ್ದು, ಅದನ್ನು ಆಗಾಗ ಸುಟ್ಟು, ಪದರದ ಮೇಲೆ ಪದರ ಏರಿ ಈ ದಿಬ್ಬಗಳಾದವು. 

ಪದ್ದಯ್ಯನವರು 1990ರ ದಶಕದಲ್ಲಿ ಬೂದಿಹಾಳದಲ್ಲಿ ನಡೆಸಿದ ಉತ್ಖನನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ದಿಬ್ಬದ ಪಕ್ಕದಲ್ಲಿಯೇ ಜನವಸತಿ, ದನದ ದೊಡ್ಡಿ, ಚಕಮಕಿ ಕಲ್ಲಿನ ಅಲಗುಗಳನ್ನು ತಯಾರಿಸುವ ತಾಣ, ಪ್ರಾಣಿಗಳನ್ನು ಕಡಿದು ಹಂಚಿದ ಅಂಗಳ ಇವೆಲ್ಲ ಅಲ್ಲಿ ಕಂಡುಬಂದವು. ಬೂದಿದಿಬ್ಬವೆಂದರೆ ಕಾಡಿನ ನಡುವಿನ ಬರಿಯ ಬೂದಿಗುಡ್ಡೆ ಎಂಬ ಭಾವನೆ ಹೋಗಿ, ಅದೊಂದು ಊರಿನ ಭಾಗ ಎಂಬುದು ಖಚಿತವಾಯಿತು. ಈ ನಾಡಿನ ನವಶಿಲಾಯುಗದ ಜನ ಹುರಳಿ, ಹೆಸರು, ಕೊರಲೆಗಳನ್ನು ಬೆಳೆದುಂಡರೆಂಬುದು ಸುಟ್ಟ ಕಾಳುಗಳ ಅಧ್ಯಯನದಿಂದ ತಿಳಿದಿದೆ. ಎಂದರೆ ನಮ್ಮ ತಾಯಂದಿರು ಇಂದಿಗೂ ಮಾಡುವ ಹುರಳಿಯ ಸಾರಿಗೆ ನಾಲ್ಕು ಸಾವಿರ ವರ್ಷಗಳ ಹಿನ್ನೆಲೆಯಿದೆ.

ಮೊಹೆಂಜೊದಾರೊದ ದೊಡ್ಡ ಸ್ನಾನದ ಕೊಳ ತುಂಬಿದ್ದ ಕಾಲದಲ್ಲಿಯೇ ಕೊಡೇಕಲ್ಲಿನ ದೊಡ್ಡಿಗಳಲ್ಲಿ ದನಗಳು ಸಂಜೆಗೆ ಮರಳುತ್ತಿದ್ದವು. ಇವೆರಡೂ ಸಮಕಾಲೀನ ಎಂಬ ಒಂದು ವಾಕ್ಯ ಪಾಠದಲ್ಲಿದ್ದರೆ ನಮ್ಮ ಮಕ್ಕಳ ಮನಸ್ಸಿನಲ್ಲಿ ಭಾರತದ ಪ್ರಾಚೀನ ನಕ್ಷೆಯೇ ಬದಲಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸಗಣಿಯ ಬೂದಿ ಎಂದೊಡನೆ ಭಕ್ತರಿಗೆ ವಿಭೂತಿ ನೆನಪಾಗುವುದು ಸಹಜ. ಹಾಗೆಂದು ಅಂದಿನ ದನಗಾಹಿಗಳ ಬೂದಿಯನ್ನು ಇಂದಿನ ವಿಭೂತಿಯ ಮೂಲವೆಂದು ಸಾರುವುದು ಸಲ್ಲದು. ಎರಡರ ನಡುವೆ ಸಾವಿರಾರು ವರ್ಷಗಳ ಅಂತರವಿದೆ. ಪ್ರಾಚೀನರನ್ನು ಗೌರವಿಸಲು ಅವರು ನಮ್ಮ ಮತದವರಾಗಿರಬೇಕೆಂಬ ನಿಯಮವಿಲ್ಲ.

ಸಾಲುಗಲ್ಲು, ಮೋರಿಯರ ಮನೆ

ಮೂರನೆಯ ಪದರ ಬೃಹತ್ ಶಿಲಾಯುಗದ್ದು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಗಲ್ಲುಗಳನ್ನು ಕ್ರಮಬದ್ಧ ಅಂತರದಲ್ಲಿ, ಓರೆ ಸಾಲುಗಳಲ್ಲಿ ವಿಶಾಲ ಬಯಲಿನ ತುಂಬ ಇರಿಸಿದ್ದಾರೆ. ರಾಜನಕೋಳೂರಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ. ಜನ ಅವನ್ನು ಮೋರಿಯರ ಮನೆಗಳೆಂದು ಕರೆಯುತ್ತ ಬಂದಿದ್ದಾರೆ. ಸುರಪುರ ಸಂಸ್ಥಾನದಲ್ಲಿ 1841ರಿಂದ ಆಡಳಿತದ ಹೊಣೆ ಹೊತ್ತಿದ್ದ ಮೆಡೋಸ್ ಟೇಲರ್ ಅವರು ಇವನ್ನು ಅಳೆದು, ಚಿತ್ರ ಬರೆದು, 1850ರ ದಶಕದಲ್ಲಿಯೇ ಮುಂಬಯಿಯ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಗ್ಲೆಂಡ್ ಮತ್ತು ಐರ್ಲೆಂಡಿನ ಕಲ್ಮನೆಗಳೊಡನೆ ಹೋಲಿಸಿದರು. ನಮ್ಮ ಭಾಗದ ಈ ಕಲ್ಲುಗಳು ಹರಪ್ಪದ ಉತ್ಖನನಕ್ಕಿಂತ ಸುಮಾರು ಎಪ್ಪತ್ತು ವರ್ಷ ಮೊದಲೇ ವಿದ್ವತ್ ಲೋಕಕ್ಕೆ ಪರಿಚಯವಾಗಿದ್ದವು. ಆದರೂ ಹರಪ್ಪ ಪ್ರತಿ ಪುಸ್ತಕದಲ್ಲಿದೆ; ವಿಭೂತಿಹಳ್ಳಿ ಇಲ್ಲ. ಆದ್ದರಿಂದ ‘ತಡವಾಗಿ ಗೊತ್ತಾಯಿತು, ಅದಕ್ಕೇ ಸೇರಲಿಲ್ಲ’ ಎಂಬ ಸಮಾಧಾನ ನಿಲ್ಲುವುದಿಲ್ಲ.

ಮರೆವಿಗೆ ಕಾರಣಗಳು

ಮೊದಲನೆಯ ಕಾರಣ ಬರಹ. ಲಿಖಿತ ದಾಖಲೆಯಿದ್ದರೆ ‘ಇತಿಹಾಸ’, ಇಲ್ಲದಿದ್ದರೆ ‘ಪ್ರಾಗಿತಿಹಾಸ’ ಎಂಬ ವಿಭಾಗವನ್ನು ನಾವು ಒಪ್ಪಿಕೊಂಡಿದ್ದೇವೆ. ಆ ಹೆಸರಿನಲ್ಲಿಯೇ ‘ಇತಿಹಾಸಕ್ಕೆ ಹಿಂದಿನದು’ ಎಂಬ ಅರ್ಥವಿರುವುದರಿಂದ, ಅದು ಪುಸ್ತಕದ ಮೊದಲ ಎರಡು ಪುಟಗಳಲ್ಲಿ ಮುಗಿಯುವ ಪೀಠಿಕೆಯಾಗಿ ಉಳಿಯಿತು. ನಮ್ಮ ನೆರೆಯ ಮಸ್ಕಿಯೇ ಇದಕ್ಕೆ ಉತ್ತಮ ಉದಾಹರಣೆ. 1915ರಲ್ಲಿ ಅಲ್ಲಿ ದೊರೆತ ಶಾಸನದಲ್ಲಿ ‘ಅಶೋಕ’ ಎಂಬ ಹೆಸರಿತ್ತು. ಅಂದಿನಿಂದ ಮಸ್ಕಿ ಪ್ರತಿಯೊಂದು ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೆಯಾಯಿತು. ಅದೇ ಮಸ್ಕಿಯಲ್ಲಿ 1954ರಲ್ಲಿ ನಡೆದ ಉತ್ಖನನ ಅಶೋಕನಿಗಿಂತ ಬಹು ಹಿಂದಿನ ಜನವಸತಿಯ ಪದರುಗಳನ್ನು ಹೊರತೆಗೆಯಿತು. ಅದನ್ನು ಯಾರೂ ಕೇಳುವುದಿಲ್ಲ. ಒಬ್ಬ ಅರಸನ ಒಂದು ಹೆಸರು ಸಾವಿರಾರು ಜನರ ಸಾವಿರಾರು ವರ್ಷಗಳ ಬಾಳುವೆಯನ್ನು ಮರೆಮಾಡಿತು.

ಎರಡನೆಯದು ‘ನಾಗರಿಕತೆ’ ಎಂಬ ಪದ. ನಗರವಿದ್ದಲ್ಲಿ ನಾಗರಿಕತೆ ಎಂಬುದು ಅದರ ಹುಟ್ಟಿನಲ್ಲಿಯೇ ಇದೆ. ಕೋಟೆ, ಅರಮನೆ, ಇಟ್ಟಿಗೆಯ ಬೀದಿ, ಮುದ್ರೆ ಇವು ಇದ್ದರೆ ಜನ ‘ನಾಗರಿಕರು’. ದನ ಕಾಯ್ದವರು, ಕಲ್ಲು ಒಡೆದವರು, ಹುರಳಿ ಬಿತ್ತಿದವರು ಆ ಪದದ ಹೊಸ್ತಿಲಿನ ಹೊರಗೆ ನಿಲ್ಲುತ್ತಾರೆ. ಕಾಯಕವನ್ನೇ ಕೈಲಾಸವೆಂದು ತಿಳಿದ ಶರಣ ಪರಂಪರೆಯವರಾದ ನಮಗೆ ಈ ಅಳತೆ ಒಪ್ಪಿತವಾಗಬಾರದು. ಇಸಾಂಪುರದ ಕಲ್ಲುಕುಟಿಗನ ಕೈ, ಬೂದಿಹಾಳದ ದನಗಾಹಿಯ ಶ್ರಮ ಕಾಯಕವಲ್ಲದೆ ಇನ್ನೇನು?

ಮೂರನೆಯದು ಪ್ರದೇಶ. 1948ರ ವರೆಗೆ ನಮ್ಮ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಉನ್ನತ ಶಿಕ್ಷಣ ಉರ್ದುವಿನಲ್ಲಿ ನಡೆಯುತ್ತಿತ್ತು. ಅದೇ ಕಾಲದಲ್ಲಿ ಧಾರವಾಡ ಮತ್ತು ಮೈಸೂರಿನಲ್ಲಿ ಕನ್ನಡನಾಡಿನ ಇತಿಹಾಸ ಕನ್ನಡದಲ್ಲಿ ರಚನೆಯಾಗುತ್ತಿತ್ತು. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಪ್ರಕಟವಾಯಿತು. ಚದುರಿದ ಕನ್ನಡಿಗರನ್ನು ಒಗ್ಗೂಡಿಸಲು ಆ ಕಾಲಕ್ಕೆ ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ವಿಜಯನಗರದ ಅರಸರು ಬೇಕಾಗಿದ್ದರು. ಆ ಕಾರ್ಯವನ್ನು ಅಂಥ ಗ್ರಂಥಗಳು ಸಮರ್ಥವಾಗಿ ನೆರವೇರಿಸಿದವು. ಆದರೆ 1956ರ ಏಕೀಕರಣದ ನಂತರವೂ ರಾಜವಂಶಗಳ ಆ ಚೌಕಟ್ಟು ಹಾಗೆಯೇ ಮುಂದುವರಿದು, ಅರಸರ ರಾಜಧಾನಿಗಳಿಲ್ಲದ ಊರುಗಳು ನಾಡಿನ ಕಥೆಯಿಂದ ಹೊರಗುಳಿದವು.

ನಾಲ್ಕನೆಯದು ಭಾಷೆ. ಟೇಲರ್ ಬರೆದದ್ದು ಇಂಗ್ಲಿಷಿನಲ್ಲಿ. ಪದ್ದಯ್ಯನವರ 1973 ಮತ್ತು 1982ರ ಗ್ರಂಥಗಳೂ ಇಂಗ್ಲಿಷಿನಲ್ಲಿ. ವಿದ್ವತ್ ಲೋಕಕ್ಕೆ ಅದು ಅಗತ್ಯವಾಗಿತ್ತು. ಆದರೆ ಅದರ ಸಾರವನ್ನು ಕನ್ನಡದ ಶಾಲೆಗೆ ತಲುಪಿಸುವ ಸೇತುವೆ ಸಾಕಷ್ಟು ಗಟ್ಟಿಯಾಗಲಿಲ್ಲ. ಹೆಸರಿನ ವಿಷಯವನ್ನೇ ನೋಡಿರಿ: ಹುಣಸಗಿಯ ಕೈಗೊಡಲಿಗಳನ್ನು ಪುಸ್ತಕಗಳು ‘ಅಶೂಲಿಯನ್’ ಎಂದು ಕರೆಯುತ್ತವೆ. ಅದು ಫ್ರಾನ್ಸ್ ದೇಶದ ಸೇಂಟ್ ಅಶೂಲ್ ಎಂಬ ಸ್ಥಳದ ಹೆಸರು. ಅಲ್ಲಿ ಮೊದಲು ಅಧ್ಯಯನ ನಡೆಯಿತು, ಆದ್ದರಿಂದ ಲೋಕಕ್ಕೆಲ್ಲ ಆ ಹೆಸರು ನಿಂತಿತು.

ಐದನೆಯದು ಪರೀಕ್ಷೆ. ಅರಸ, ಯುದ್ಧ, ಇಸವಿ ಇವುಗಳಿಂದ ಒಂದು ಅಂಕದ ಪ್ರಶ್ನೆ ಸುಲಭವಾಗಿ ಸಿದ್ಧವಾಗುತ್ತದೆ. ಹೆಸರಿಲ್ಲದ ಜನರ ಬದುಕಿನ ಬಗೆಗೆ ಅಂಥ ಪ್ರಶ್ನೆ ಕಷ್ಟ. ಜೊತೆಗೆ ಇಡೀ ರಾಜ್ಯಕ್ಕೆ ಒಂದೇ ಪುಸ್ತಕವಾದಾಗ ಪ್ರತಿ ಜಿಲ್ಲೆಗೆ ದೊರೆಯುವುದು ಒಂದೆರಡು ಸಾಲು ಮಾತ್ರ. ರಾಷ್ಟ್ರಮಟ್ಟದ ಆರನೆಯ ತರಗತಿಯ ಸಮಾಜ ಪುಸ್ತಕವೊಂದು ಕೆಲವು ವರ್ಷ ಹುಣಸಗಿಯನ್ನು ನಕ್ಷೆಯಲ್ಲಿ ತೋರಿಸಿ, ಅಲ್ಲಿಯ ಸುಣ್ಣಕಲ್ಲಿನ ಆಯುಧಗಳ ಬಗೆಗೆ ಹೇಳಿತ್ತು. ದೆಹಲಿಯ ಮಗು ಓದಿದ ಆ ಸಾಲುಗಳು ಹುಣಸಗಿಯ ಕನ್ನಡ ಶಾಲೆಯ ಮಗುವಿನ ಕೈಗೆ ಬರಲಿಲ್ಲ.

ಬೇರೆಡೆಯ ಪಾಠ

ಈ ಮರೆವು ನಮ್ಮಲ್ಲಿ ಮಾತ್ರ ಕಂಡದ್ದಲ್ಲ. ಆಫ್ರಿಕದ ಗ್ರೇಟ್ ಜಿಂಬಾಬ್ವೆಯ ಭವ್ಯ ಕಲ್ಲುಗೋಡೆಗಳನ್ನು ಕಪ್ಪು ಜನರೇ ಕಟ್ಟಿದರೆಂದು ಒಪ್ಪಲು ವಸಾಹತು ಆಡಳಿತಕ್ಕೆ ಮನಸ್ಸಾಗಲಿಲ್ಲ. ಹೊರಗಿನವರು ಯಾರೋ ಬಂದು ಕಟ್ಟಿದರೆಂಬ ಕಥೆಯನ್ನು ಬಹುಕಾಲ ಹಬ್ಬಿಸಿತು. 1980ರಲ್ಲಿ ಸ್ವತಂತ್ರವಾದ ದೇಶ ಆ ಕಲ್ಲುಗಳ ಹೆಸರನ್ನೇ ತನ್ನ ಹೆಸರಾಗಿ ಇರಿಸಿಕೊಂಡಿತು. ನೆರೆಯ ತಮಿಳುನಾಡಿನ ಕೀಳಡಿಯಲ್ಲಿ ಉತ್ಖನನ ಆರಂಭವಾದದ್ದು 2015ರ ಸುಮಾರಿಗೆ. 2023ರಲ್ಲಿ ಅಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಕೀಳಡಿಯ ಕಾಲ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂಬ ವಾದ ಏನೇ ಇರಲಿ, ಅಲ್ಲಿಯ ಶಾಲಾಮಕ್ಕಳು ತಮ್ಮ ನೆಲದ ಮಡಕೆಯನ್ನು ತಮ್ಮ ಭಾಷೆಯ ವಿವರಣೆಯೊಂದಿಗೆ ನೋಡುತ್ತಿದ್ದಾರೆ ಎಂಬುದು ನಾವು ಗಮನಿಸಬೇಕಾದ ಅಂಶ.

ನಮ್ಮ ಮನೆಯಲ್ಲಿಯೇ ಇನ್ನೂ ಹತ್ತಿರದ ಪಾಠವಿದೆ. ನೂರಿಪ್ಪತ್ತು ವರ್ಷಗಳ ಹಿಂದೆ ವಚನಗಳ ಸ್ಥಿತಿ ಏನಾಗಿತ್ತು? ತಾಡೋಲೆಯ ಕಟ್ಟುಗಳು ಮಠಗಳ ಅಟ್ಟದಲ್ಲಿ, ಭಕ್ತರ ಮನೆಯ ಜಗಲಿಯಲ್ಲಿ ಪೂಜೆಗೊಳ್ಳುತ್ತಿದ್ದವು; ಓದುವವರು ವಿರಳ. ಡಾ. ಫ. ಗು. ಹಳಕಟ್ಟಿಯವರು ಅವನ್ನು ಊರೂರು ಅಲೆದು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಆನಂತರವೇ ಹನ್ನೆರಡನೆಯ ಶತಮಾನದ ಅಂಬಿಗ, ಮಡಿವಾಳ, ಸಮಗಾರ ಶರಣರು ನಾಡಿನ ಸಾಹಿತ್ಯ ಚರಿತ್ರೆಯಲ್ಲಿ ತಮ್ಮ ಸ್ಥಾನ ಪಡೆದರು. ವಚನಗಳಿಗೆ ಹಳಕಟ್ಟಿಯವರು ದೊರೆತರು. ಬೂದಿದಿಬ್ಬಗಳಿಗೆ ಉತ್ಖನನಕಾರರು ದೊರೆತಿದ್ದಾರೆ. ಊರವರಿಗೆ ಅವರ ಶೋಧವನ್ನು ಓದಿ ಹೇಳುವವರು ಇನ್ನೂ ದೊರೆಯಬೇಕಾಗಿದೆ.

ಕಲಿಸದಿದ್ದರೆ ಉಳಿಯದು

ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ. ನಾರಾಯಣಪುರದ ಬಸವಸಾಗರದ ಕಾಲುವೆಗಳು ಬಂದ ಮೇಲೆ ನಮ್ಮ ಒಣಸೀಮೆ ಹಸಿರಾಯಿತು. ಆ ನೀರು ನಮ್ಮ ರೈತ ಬಂಧುಗಳ ಬಾಳನ್ನು ಎತ್ತಿತು. ಅದೇ ವೇಳೆ ಗದ್ದೆ ಮಾಡಲು ನೆಲ ಸಮತಟ್ಟಾಗಿಸಿದಾಗ, ಕಾಲುವೆ ಅಗೆದಾಗ, ರಸ್ತೆಗೆ ಮೊರಂ ತೆಗೆದಾಗ ಪ್ರಾಚೀನ ನೆಲೆಗಳು ಹೇಳಹೆಸರಿಲ್ಲದೆ ಅಳಿದವು. ಬೂದಿದಿಬ್ಬಗಳ ಮಣ್ಣು ಒಳ್ಳೆಯ ಗೊಬ್ಬರವೆಂದು ಗಾಡಿಗಟ್ಟಲೆ ಹೊಲಗಳಿಗೆ ಹೋಯಿತು. ರೈತನನ್ನು ದೂಷಿಸುವಂತಿಲ್ಲ. ಅದು ಏನೆಂದು ಅವನಿಗೆ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಹರಿದ ತಾಡೋಲೆಗೆ ಇನ್ನೊಂದು ಮಠದಲ್ಲಿ ಪ್ರತಿ ದೊರೆಯಬಹುದು. ಅಗೆದು ಚೆಲ್ಲಿದ ದಿಬ್ಬಕ್ಕೆ ಪ್ರತಿಯಿಲ್ಲ.

ಸರಕಾರದ ಪುಸ್ತಕ ಬದಲಾಗುವ ವರೆಗೆ ಕಾಯಬೇಕಾಗಿಲ್ಲ. ನಮ್ಮ ಭಾಗದ ಶಾಲೆಗಳು, ವಿಶೇಷವಾಗಿ ಮಠಗಳು ನಡೆಸುವ ಶಾಲೆಗಳು ಈ ವರ್ಷವೇ ಮಾಡಬಹುದಾದ ಕೆಲವು ಕಾರ್ಯಗಳನ್ನು ಇಲ್ಲಿ ವಿನಂತಿಸುತ್ತೇವೆ.

ಸಿಂಧೂ ಕಣಿವೆಯ ಪಾಠ ಹೇಳುವ ದಿನ ಗುರುಗಳು ಅದೇ ಕರಿಹಲಗೆಯ ಮೇಲೆ ಕೊಡೇಕಲ್, ಬೂದಿಹಾಳಗಳ ಹೆಸರನ್ನೂ ಬರೆಯಲಿ. ವಾರ್ಷಿಕ ಪ್ರವಾಸ ಹಂಪೆ, ವಿಜಯಪುರಗಳಿಗೆ ಹೋಗಲಿ. ಅದಕ್ಕೆ ಮುನ್ನ ಒಂದು ದಿನ ವಿಭೂತಿಹಳ್ಳಿಗೂ ಹೋಗಲಿ. ಅಲ್ಲಿಯ ಸಾಲುಗಳನ್ನು ಮಕ್ಕಳೇ ನಡೆದು ಎಣಿಸಲಿ. ಊರಿನ ಹಿರಿಯರಿಂದ ಹೊಲಗಳ ಹೆಸರು, ದಿಬ್ಬಗಳ ಹೆಸರು, ಮೋರಿಯರ ಕಥೆಗಳನ್ನು ಕೇಳಿ ಬರೆದಿಡಲಿ. ‘ಬೂದಿ’ ಎಂದು ಆರಂಭವಾಗುವ ಒಂದು ಊರ ಹೆಸರೇ ಅನೇಕ ವೇಳೆ ಸಂಶೋಧಕರಿಗೆ ದಾರಿ ತೋರಿದೆ. ಹೊಲದಲ್ಲಿ ವಿಚಿತ್ರ ಆಕಾರದ ಕಲ್ಲು ಕಂಡರೆ ಎತ್ತಿ ಮನೆಗೆ ಒಯ್ಯದೆ, ಕಂಡ ಸ್ಥಳವನ್ನು ಗುರುತುಮಾಡಿ ಗುರುಗಳಿಗೆ ತಿಳಿಸಲಿ. ಗುರುಗಳು ಪುರಾತತ್ತ್ವ ಇಲಾಖೆಗೆ ಪತ್ರ ಬರೆಯಲಿ. ಕಲ್ಲಿನ ಅರ್ಥ ಅದು ಬಿದ್ದ ಸ್ಥಳದಲ್ಲಿದೆ. ಸ್ಥಳ ತಪ್ಪಿದರೆ ಅದು ಬರಿಯ ಕಲ್ಲು. ದಿಬ್ಬವಿರುವ ಗ್ರಾಮಗಳ ಪಂಚಾಯತಿಗಳು ಅಲ್ಲಿ ಕನ್ನಡದಲ್ಲಿ ಒಂದು ಫಲಕ ನಿಲ್ಲಿಸಿದರೂ ಸಾಕು, ಗಾಡಿ ತಂದವನು ಒಮ್ಮೆ ನಿಂತು ಯೋಚಿಸುತ್ತಾನೆ.

ಹರಪ್ಪವನ್ನಾಗಲಿ, ನಮ್ಮ ನಾಡಿನ ಅರಸರನ್ನಾಗಲಿ ಕೆಳಗಿಳಿಸಬೇಕೆಂಬುದು ನಮ್ಮ ಆಶಯವಲ್ಲ. ಪಂಕ್ತಿಯಲ್ಲಿ ಮೊದಲೇ ಬಂದು ಕುಳಿತಿದ್ದವರಿಗೆ ಎಲೆ ಹಾಕುವುದನ್ನೇ ಮರೆತಿದ್ದೇವೆ. ಆ ಎಲೆಯನ್ನು ಈಗಲಾದರೂ ಹಾಕೋಣ ಎಂಬುದಷ್ಟೇ ಪ್ರಾರ್ಥನೆ. ಗುರುಗಳು, ಪಾಲಕರು, ಗ್ರಾಮದ ಹಿರಿಯರು ಈ ಕಾರ್ಯಕ್ಕೆ ಕೈಜೋಡಿಸಬೇಕೆಂದು ವಿನಂತಿಸುತ್ತೇವೆ.